ಕೊಯ್ತಾವೆ, ಕೊಯ್ತೇವೆ

ನನ್ನ ಚಿಕ್ಕಮ್ಮನ ಮೇಲೆ ಸೈಬರ್ ಅಪರಾಧದ ಕೇಸು ಬಿತ್ತು. ಸೈಬರ್ ಅಂದರೆ ಏನೇ ಎಂದು ನನ್ನನ್ನು ಕೇಳಿದಳು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮಾಡುವ ತಪ್ಪು ಎಂದೆ.

"ಫೋನಲ್ಲಿ ನಾನು ಮಾಡೋ ತಪ್ಪು ಒಂದೇ. ಊಟ ಆಯ್ತಾ, ಊಟ ಆಯ್ತಾ ಅಂತ ನಿನ್ನ ತಲೆ ತಿನ್ನೋದು. ಅದಕ್ಕೂ ಕೇಸ್ ಹಾಕ್ತಾರಾ, ಲಾಯರಮ್ಮ?"

ನಾನಿನ್ನೂ ಲಾಯರಮ್ಮ ಅಲ್ಲ. ಸಂಜೆ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದೇನೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿ, ಓದಿಗೆ ಹಚ್ಚಿದವಳು ಚಿಕ್ಕಮ್ಮ. ಅವಳದು ಕಸದ ಗಾಡಿಯ ಕೆಲಸ. ಆ ವರ್ಷ ನಾನು ಆರಿಸಿಕೊಂಡಿದ್ದ ವಿಷಯ ಸೈಬರ್ ಕಾನೂನು. ಪುಸ್ತಕದ ಮೊದಲ ಅಧ್ಯಾಯ ಮುಗಿಯುವ ಮುಂಚೆಯೇ ನಮ್ಮ ಮನೆಯಲ್ಲೇ ಒಬ್ಬಳು ಆರೋಪಿ ತಯಾರಾದಳು. ನಿನ್ನ ಓದಿಗೆ ಅನುಕೂಲ ಆಗಲಿ ಅಂತಲೇ ಮಾಡಿದ್ದು ಎಂದು ಈಗಲೂ ಹೇಳುತ್ತಾಳೆ.

ನಡೆದದ್ದು ಇಷ್ಟು. ಚಿಕ್ಕಮ್ಮನ ಪಾಲಿಗೆ ಬಂದ ಬೀದಿಯಲ್ಲಿ ಒಂದು ದೊಡ್ಡ ವಸತಿ ಕಟ್ಟಡ ಇದೆ. ಹಸಿ ಕಸ ಒಂದು ಡಬ್ಬ, ಒಣ ಕಸ ಒಂದು ಡಬ್ಬ ಎಂದು ಗೋಡೆಯ ಮೇಲೆ ಚೆಂದದ ಚಿತ್ರ ಬರೆಸಿದ್ದಾರೆ. ಚಿತ್ರ ನೋಡಿ ಸಂತೋಷಪಟ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಬೇರ್ಪಡಿಸುವುದು ಚಿಕ್ಕಮ್ಮನ ಕೈ. ಬಗ್ಗಬೇಕು. ಗಂಟು ಬಿಚ್ಚಬೇಕು. ಕೈ ಒಳಗೆ ಹಾಕಬೇಕು. ಕೊಳೆತ ತರಕಾರಿ, ಮಕ್ಕಳ ಮಲ, ಹೆಂಗಸರ ಬಟ್ಟೆ, ಸೂಜಿ, ಬ್ಲೇಡು. ಗುತ್ತಿಗೆದಾರ ಕೊಟ್ಟ ಕೈಗವಸು ಎಂದೋ ಹರಿದಿತ್ತು. ಹೊಸದು ಬರುತ್ತೆ ಅನ್ನುತ್ತಾ ಇದ್ದ. ಬರುತ್ತೆ ಅನ್ನುವುದೂ ಒಂದು ಥರದ ಕೈಗವಸು, ಅದನ್ನು ಹಾಕಿಕೊಂಡು ಅವಳು ಕೆಲಸ ಮಾಡುತ್ತಿದ್ದಳು.

ಒಂದು ದಿನ ಯಾರೋ ಒಡೆದ ಕನ್ನಡಿಯನ್ನು ಅಡುಗೆಮನೆಯ ಕಸದೊಳಗೆ ಹಾಕಿ ಗಂಟು ಕಟ್ಟಿಟ್ಟಿದ್ದರು. ಚಿಕ್ಕಮ್ಮ ಕೈ ಹಾಕಿದಳು. ಬಲ ಅಂಗೈ ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೂ ಸೀಳಿಹೋಯಿತು. ಕಾವಲುಗಾರ ತನ್ನ ಟವೆಲ್ ಕಟ್ಟಿದ. ಅವಳು ಎಡಗೈಯಲ್ಲಿ ಒಂದು ಫೋಟೋ ತೆಗೆದು ಕಟ್ಟಡದ ಸಂಘದ ಕಾರ್ಯದರ್ಶಿಗೆ ಕಳಿಸಿದಳು. ಕಾರ್ಯದರ್ಶಿ ಅಂದರೆ ಅಲ್ಲಿನ ನಲ್ಲಿ, ಲಿಫ್ಟು, ಕಸ, ಎಲ್ಲದಕ್ಕೂ ಯಜಮಾನರು. ಅವರು ಏನೂ ಹೇಳಲಿಲ್ಲವಂತೆ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು, ಬಟ್ಟೆ ಸುತ್ತಿಕೊಂಡು ಮರುದಿನವೂ ಹೋದಳು. ರಜೆ ಕೇಳಿದರೆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಮರುದಿನದ ಚೀಲದಲ್ಲಿ ಉಳಿದ ಅರ್ಧ ಕನ್ನಡಿ ಇತ್ತು.

ಆಗ ಅವಳಿಗೆ ಸಿಟ್ಟು ಬಂತು. ಚೀಲವನ್ನು ಗೇಟಿನಲ್ಲೇ ಬಿಟ್ಟಳು. ಬೆರಳು ಮಡಿಸಲು ಆಗುತ್ತಿರಲಿಲ್ಲ, ಫೋನಿನ ಮೈಕು ಒತ್ತಿ ಮಾತಾಡಿದಳು. ನಾವು ಮಾತಾಡಿದ್ದನ್ನು ಫೋನೇ ಬರೆದುಕೊಳ್ಳುತ್ತದಲ್ಲ, ಅದು. "ಗಾಜು ಬೇರೆ ಕಟ್ಟಿಡಿ, ಇಲ್ಲಾಂದ್ರೆ ಕೈ ಕೊಯ್ತಾವೆ" ಎಂದಳು. ಫೋನು ಬರೆದುಕೊಂಡದ್ದು "ಗಾಜು ಬೇರೆ ಕಟ್ಟಿಡಿ, ಇಲ್ಲಾಂದ್ರೆ ಕೈ ಕೊಯ್ತೇವೆ" ಎಂದು. ಅವಳು ಓದಿ ನೋಡದೆ ಕಳಿಸಿದಳು. ನಮ್ಮ ಭಾಷೆಯಲ್ಲಿ ಕೊಯ್ಯುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ, ಮಾತಿನ ಬಾಲದಲ್ಲೇ ಇರುತ್ತದೆ. 'ತಾವೆ' ಅಂದರೆ ಗಾಜಿನ ಚೂರು. 'ತೇವೆ' ಅಂದರೆ ನಾವು, ಅಂದರೆ ಇಡೀ ಕಸದ ಗಾಡಿಯವರು.

ಬಿಟ್ಟುಬಂದ ಚೀಲ ಗೇಟಿನಲ್ಲಿ ನಾರಿತು. ಕಾರ್ಯದರ್ಶಿಯ ಮನೆಗೆ ನೆಂಟರು ಬರುವ ದಿನವೇ ನಾರಿತು. ಅವರು ಫೋನಿನ ಪರದೆಯ ಚಿತ್ರ ತೆಗೆದು, ಕತ್ತರಿಸಿ, ಅಚ್ಚು ಹಾಕಿಸಿ ಠಾಣೆಗೆ ಹೋದರು. ನಿವಾಸಿಗಳ ಕೈ ಕತ್ತರಿಸುವುದಾಗಿ ಎಲೆಕ್ಟ್ರಾನಿಕ್ ಸಾಧನದ ಮೂಲಕ ಬೆದರಿಕೆ. ಕೈ ಕೊಯ್ದವರ ಮೇಲೆ ಕೇಸಿಲ್ಲ. ಕೊಯ್ಯುತ್ತೆ ಅಂದವಳ ಮೇಲೆ ಕೇಸು.

"ನಿನ್ನ ಫೋನ್ ಕೊಡು. ಎಲ್ಲಾ ಅದರಲ್ಲೇ ಇರುತ್ತೆ" ಎಂದೆ.

ಫೋನು ಕೊಟ್ಟಳು. ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ ಇತ್ತು.

"ಎಲ್ಲಿ ಚಿಕ್ಕಮ್ಮ, ಮೆಸೇಜು? ಫೋಟೋ?"

"ಗುಡಿಸಿಬಿಟ್ಟೆ."

"ಗುಡಿಸಿಬಿಟ್ಟೆ ಅಂದ್ರೆ?"

"ದಿನಾ ಸಾಯಂಕಾಲ ಗುಡಿಸ್ತೀನಿ ಕಣೇ. ಗಾಡಿಯವರೆಲ್ಲ ಹೂವು, ಸೂರ್ಯ, ಶುಭೋದಯ ಅಂತ ಕಳಿಸ್ತಾ ಇರ್ತಾರೆ. ದಿನವಿಡೀ ಊರ ಕಸ ಎತ್ತಿ ಬಂದು, ಜೇಬಲ್ಲಿ ಕಸ ಇಟ್ಕೊಂಡು ಮಲಗ್ಲಾ?"

ಪುಸ್ತಕದಲ್ಲಿ ಇದಕ್ಕೆ ಸಾಕ್ಷ್ಯನಾಶ ಅನ್ನುತ್ತಾರೆ. ಚಿಕ್ಕಮ್ಮನ ಭಾಷೆಯಲ್ಲಿ ಶುಚಿತ್ವ.

ಕೇಸು ಮುಗಿಯುವವರೆಗೆ ಅವಳು ಗಾಡಿ ಹತ್ತಬಾರದು ಎಂದು ಗಾಡಿಯವರ ಮೇಸ್ತ್ರಿ ಹೇಳಿದ. ಗಾಡಿ ನಿಲ್ಲಬಾರದು, ಮನೆಯಿಂದ ಒಬ್ಬರು ಬರಲಿ ಎಂದೂ ಅವನೇ ಹೇಳಿದ. ಮನೆಯಲ್ಲಿ ಇದ್ದದ್ದು ನಾನು. ಬೆಳಗ್ಗೆ ಅವಳ ಸಮವಸ್ತ್ರ ಹಾಕಿಕೊಂಡು, ಅದೇ ಕಟ್ಟಡದ ಅದೇ ಚೀಲಗಳನ್ನು ಬಿಚ್ಚಿದೆ. ಸೊಂಟ ಹಿಡಿಯಿತು. ಉಗುರಿನ ಸಂದಿಯ ವಾಸನೆ ಸಾಬೂನಿಗೆ ಹೋಗುವುದಿಲ್ಲ ಎಂದು ಗೊತ್ತಾಯಿತು. ಕಾರ್ಯದರ್ಶಿ ಮೆಟ್ಟಿಲ ಮೇಲೆ ನಿಂತು, "ಏ ಕಸ, ಮೇಲಿನ ಮಹಡಿದು ಬಿಟ್ಟಿದೀಯ" ಎಂದು ಕೂಗುತ್ತಿದ್ದರು. ತಾವೇ ಪೊಲೀಸರಿಗೆ ಹಿಡಿದುಕೊಟ್ಟವಳು ದಿನಾ ತಮ್ಮ ಮೆಟ್ಟಿಲು ಹತ್ತುತ್ತಿದ್ದಾಳಲ್ಲ ಎಂದು ಅವರಿಗೆ ಅನ್ನಿಸಲೇ ಇಲ್ಲ. ಆಳು ಬದಲಾದದ್ದೂ ಗೊತ್ತಾಗಲಿಲ್ಲ.

ಸಂಜೆ ಸ್ನಾನ ಮಾಡಿ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಕ್ಲಾಸಿನ ಬೆಂಚಿನಲ್ಲಿ ಮೂವರು ಕೂರಬಹುದು. ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಕಾಲು ಚಾಚಿಕೊಂಡು ಕಾನೂನು ಕಲಿಯುವ ಭಾಗ್ಯ ಬೇರೆ ಯಾರಿಗೂ ಇರಲಿಲ್ಲ.

ಸೈಬರ್ ಕಾನೂನು ಹೇಳಿಕೊಡುವ ಮೇಷ್ಟ್ರು ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯೊಳಗೆ ಅಂಟಿಸಿಕೊಂಡವರು. ಕನ್ನಡಕ ತೆಗೆದಾಗಲೆಲ್ಲ ಮುಂದಿನ ಬೆಂಚಿಗೆ ಕಾಣುತ್ತಿತ್ತು. ಒಳ್ಳೆಯವರು. ಡಿಜಿಟಲ್ ಸಾಕ್ಷ್ಯದ ಪಾಠದ ದಿನ ನಾನು ಎದ್ದು ನಿಂತೆ.

"ಸಾರ್, ಒಬ್ಬರು ಸ್ಕ್ರೀನ್‌ಶಾಟ್ ಅಚ್ಚು ಹಾಕಿಸಿ ತಂದ್ರೆ ಅದು ಸಾಕ್ಷಿಯಾ?"

"ಫೋನ್ ತಂದಿದ್ದಾರಾ?"

"ಇಲ್ಲ ಸಾರ್. ಕಾಗದ ಮಾತ್ರ."

"ಆ ಮಾತಿಗಿಂತ ಮುಂಚೆ ಏನಿತ್ತು, ಆಮೇಲೆ ಏನಿತ್ತು?"

"ಕತ್ತರಿಸಿದ್ದಾರೆ ಸಾರ್."

"ಅಲ್ಲಮ್ಮ, ಕತ್ತರಿಸಿ ತಂದದ್ದನ್ನ ದರ್ಜಿ ಒಪ್ತಾನೆ, ಕೋರ್ಟ್ ಯಾಕೆ ಒಪ್ಪಬೇಕು? ಮೂಲ ಕೇಳಿ. ಮೂಲ ಫೋನು, ಪೂರ್ತಿ ಸಂಭಾಷಣೆ. ಅದು ಬರೋವರೆಗೆ ಬೇರೆ ಮಾತೇ ಆಡಬೇಡಿ." ಆಮೇಲೆ ಕನ್ನಡಕ ತೆಗೆದು, "ಯಾರ ಕೇಸು?" ಎಂದರು.

"ನಮ್ಮ ಚಿಕ್ಕಮ್ಮಂದು ಸಾರ್."

ಹಿಂದಿನಿಂದ ಯಾರೋ ನಕ್ಕರು. ಮೇಷ್ಟ್ರು ನಗಲಿಲ್ಲ. "ಹಾಗಾದ್ರೆ ನೀನು ಪರೀಕ್ಷೆಗಿಂತ ಮುಂಚೆ ಪಾಸಾಗಬೇಕು" ಎಂದರು.

ಕೋರ್ಟಿನಿಂದ ನಮಗೆ ಒಬ್ಬ ಉಚಿತ ವಕೀಲರನ್ನು ಕೊಟ್ಟಿದ್ದರು. ಚಿಕ್ಕಮ್ಮ ಅವರನ್ನು ಪುಕ್ಕಟೆ ಸಾರ್ ಅನ್ನುತ್ತಿದ್ದಳು, ಅವರ ಬೆನ್ನ ಹಿಂದೆ. ಅವರ ಕಂಕುಳಲ್ಲಿ ಯಾವಾಗಲೂ ಕಡತಗಳ ರಾಶಿ, ಕಣ್ಣಲ್ಲಿ ನಿದ್ದೆ. ಮೊದಲ ವಾಯಿದೆಯ ದಿನ ಕೋರ್ಟಿನ ಪಡಸಾಲೆಯಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಕೈಯಲ್ಲಿ ಒಂದು ಕಾಗದ ಇತ್ತು.

"ನೋಡಮ್ಮ, ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿದ್ದಾರೆ. ಬೆದರಿಕೆ ಹಾಕಿದ್ದು ತಪ್ಪಾಯ್ತು ಅಂತ ಬರೆದಿದೆ. ಒಂದು ಹೆಬ್ಬೆಟ್ಟು ಒತ್ತು. ಇವತ್ತೇ ಮುಗಿದುಹೋಗುತ್ತೆ."

"ಸಹಿ ಹಾಕಕ್ಕೆ ಬರುತ್ತೆ ಸಾರ್ ನಂಗೆ."

"ಇನ್ನೂ ಒಳ್ಳೇದು. ಹಾಕು."

ನಾನು ಬಾಯಿ ಹಾಕಿದೆ. ಬರೆದುಕೊಟ್ಟರೆ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡವರಿಗೆ ಖಾಯಂ ಇಲ್ಲ. ಎಷ್ಟೋ ವರ್ಷ ಕಾದ ಮೇಲೆ ಚಿಕ್ಕಮ್ಮನ ಹೆಸರು ಖಾಯಂ ಕೆಲಸದ ಪಟ್ಟಿಗೆ ಏರಿತ್ತು. ತಪ್ಪೊಪ್ಪಿಗೆ ಹೋದ ದಿನವೇ ಅದನ್ನು ಹೊಡೆದುಹಾಕುತ್ತಾರೆ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ವಕೀಲರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೋತರೂ ಹೊಡೆದುಹಾಕ್ತಾರಲ್ಲಮ್ಮ. ಕೇಸು ನಡೆಸಿ ಸೋಲೋದಕ್ಕಿಂತ ಇದು ವಾಸಿ. ತಪ್ಪಾಯ್ತು ಅಂದ್ರೆ ಗಂಟೇನು ಹೋಗುತ್ತೆ?"

ಚಿಕ್ಕಮ್ಮ ಕಾಗದ ತೆಗೆದುಕೊಂಡಳು. ಅಕ್ಷರ ಅಕ್ಷರ ಕೂಡಿಸಿ ಓದಿದಳು. ವಾಪಸು ಕೊಟ್ಟಳು.

"ಹಾಕಲ್ಲ ಸಾರ್."

"ಯಾಕೆ?"

"ಮೊದಲು ಕನ್ನಡಿ ತಪ್ಪಾಯ್ತು ಅನ್ಲಿ. ಆಮೇಲೆ ನಾನು ಅಂತೀನಿ."

ಪುಕ್ಕಟೆ ಸಾರ್ ನಿಟ್ಟುಸಿರು ಬಿಟ್ಟರು. ಪುಕ್ಕಟೆ ಸಿಕ್ಕ ಸಲಹೆಗೆ ಬೆಲೆ ಇಲ್ಲ ಎಂದು ಗೊಣಗಿದರು. ಆದರೆ ಅವರ ಕಣ್ಣಿನ ನಿದ್ದೆ ಸ್ವಲ್ಪ ಹೋದ ಹಾಗೆ ಕಂಡಿತು. ಮೂಲ ಫೋನು ಕೇಳಿ ಸಾರ್, ಪೂರ್ತಿ ಸಂಭಾಷಣೆ ಕೇಳಿ ಎಂದು ನಾನು ಅವರ ಹಿಂದೆ ಮೆಟ್ಟಿಲವರೆಗೂ ಹೋದೆ. "ಅವರು ಅಳಿಸಿದ್ರೆ?" ಎಂದರು. ಆದರೂ ಅದೇ ದಿನ ಅರ್ಜಿ ಹಾಕಿದರು.

ವಿಚಾರಣೆಯ ದಿನ ಆರೋಪಿ ನಿಲ್ಲುವ ಕಟಕಟೆ ಮುರಿದು ರಿಪೇರಿಗೆ ಹೋಗಿತ್ತು. ಚಿಕ್ಕಮ್ಮ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ನಾನು ಬೆಳಗಿನ ಗಾಡಿ ಮುಗಿಸಿ ಹಾಗೇ ಓಡಿಬಂದಿದ್ದೆ, ಸಮವಸ್ತ್ರದಲ್ಲೇ. ಜಡ್ಜು ಕನ್ನಡಕ ಹಾಕಿದ ಹೆಂಗಸು. ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ಕಾರ್ಯದರ್ಶಿ ಸಾಕ್ಷಿ ಕಟಕಟೆ ಹತ್ತಿದರು. ಗರಿಗರಿ ಅಂಗಿ. ಪುಕ್ಕಟೆ ಸಾರ್ ಅಚ್ಚಾದ ಕಾಗದ ಅವರ ಕೈಗೆ ಕೊಟ್ಟರು.

"ಈ ಮೆಸೇಜು ಯಾರು ಕಳಿಸಿದ್ದು?"

"ಮೇಲೆ ಹೆಸರೇ ಇದೆಯಲ್ಲ."

"ಜೋರಾಗಿ ಓದಿ."

ಕಾರ್ಯದರ್ಶಿ ಓದಿದರು. "ಕಸ."



"ಅದು ಯಾರ ಹೆಸರು?"

"ಅದೇ, ಕಸ ತೆಗೆಯೋಳದು. ಗುರುತಿಗೆ ಅಂತ ಹಾಗೆ ಸೇವ್ ಮಾಡ್ಕೊಂಡಿದೀನಿ."

"ಅವರ ನಿಜವಾದ ಹೆಸರು?"

"ಅದು... ಎಲ್ಲರೂ ಹಾಗೇ ಕರೆಯೋದು."

"ಎಷ್ಟು ವರ್ಷದಿಂದ ನಿಮ್ಮ ಮನೆ ಬಾಗಿಲಿಗೆ ಬರ್ತಿದ್ದಾರೆ?"

"ನಾವು ಬಂದಾಗಿನಿಂದ."

"ಸರಿ. ಅವರು ಇಲ್ಲಿದ್ದಾರಾ? ತೋರಿಸಿ."

ಕಾರ್ಯದರ್ಶಿ ನಮ್ಮ ಬೆಂಚಿನ ಕಡೆ ತಿರುಗಿದರು. ಒಳ್ಳೆಯ ಸೀರೆಯವಳನ್ನು ದಾಟಿ ಅವರ ಬೆರಳು ಸಮವಸ್ತ್ರದ ಮೇಲೆ ನಿಂತಿತು. ನನ್ನ ಮೇಲೆ.

"ಇವಳೇ."

ಕೋರ್ಟು ಗೊಳ್ಳೆಂದಿತು. ಚಿಕ್ಕಮ್ಮ ಮೊಣಕೈಯಿಂದ ನನ್ನನ್ನು ತಿವಿದು, "ಎದ್ದೇಳೇ, ನಿನ್ನ ಕೇಸಂತೆ" ಎಂದಳು. ನನಗೆ ನಗು ಬರಲಿಲ್ಲ. ಮೈ ಉರಿಯಿತು. ಇಷ್ಟು ದಿನ ಇಬ್ಬರು ಹೆಂಗಸರ ಬೆನ್ನು ಬಗ್ಗಿದ್ದನ್ನು ನೋಡಿ ಒಂದು ಮುಖವನ್ನೂ ನೋಡದ ಮನುಷ್ಯ, ನನ್ನ ಚಿಕ್ಕಮ್ಮನನ್ನು ಜೈಲಿಗೆ ಕಳಿಸಲು ಬಂದಿದ್ದ.

ಜಡ್ಜು ಸದ್ದಡಗಿಸಿ ಚಿಕ್ಕಮ್ಮನನ್ನು ಎಬ್ಬಿಸಿದರು.

"ಈ ನಂಬರು ನಿಮ್ಮದಾ?"

"ನಂಬರ್ ನಂದೇ ಅಮ್ಮಾ."

"ಅಂದ್ರೆ ಇದರಲ್ಲಿ ಕಸ ಅಂತ ಇರೋದು ನೀವೇ ಅಂತ ಒಪ್ಪಿಕೊಳ್ತೀರಾ?"

ಹೂಂ ಅಂದರೆ ಸಾಕು, ಬರೆದುಕೊಂಡು ಮುಂದೆ ಹೋಗುತ್ತಾರೆ. ಅದು ಬರೀ ಕೋರ್ಟಿನ ಪದ್ಧತಿ. ಆದರೆ ಚಿಕ್ಕಮ್ಮ ಹೂಂ ಅನ್ನಲಿಲ್ಲ.

"ಇಲ್ಲಮ್ಮಾ. ನಂಬರ್ ನಂದು. ಹೆಸರು ನಂದಲ್ಲ. ಅವರ ಫೋನಲ್ಲಿ ಕಸ ಇದ್ರೆ ಅದು ಅವರದೇ. ನಾನು ಬರೀ ಎತ್ತೋಳು."

ಆಮೇಲೆ ತನ್ನ ಹೆಸರು ಹೇಳಿದಳು. ತನ್ನ ಅಪ್ಪನ ಹೆಸರು, ಅವ್ವನ ಹೆಸರೂ ಸೇರಿಸಿ ಹೇಳಿದಳು. ಬೆಂಚ್ ಗುಮಾಸ್ತ ಬರೆದುಕೊಂಡ. ಒಂದು ಅಕ್ಷರ ತಪ್ಪು ಬರೆದಿದ್ದನ್ನು ಕೇಳಿಸಿಕೊಂಡು ತಿದ್ದಿಸಿದಳು.

"ನಿಮ್ಮ ಫೋನಿನಲ್ಲಿ ಇವರ ಹೆಸರು ಏನಂತ ಇದೆ?" ಎಂದು ಜಡ್ಜು ಕುತೂಹಲಕ್ಕೆ ಕೇಳಿದರು.

ಅವಳು ತೋರಿಸಿದಳು. ಕಾರ್ಯದರ್ಶಿಯ ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಕೊನೆಗೆ ಸಾರ್.

ಇನ್ನು ನನ್ನ ಬುದ್ಧಿವಂತಿಕೆಯ ಸರದಿ. 'ಕೊಯ್ತಾವೆ' ಅಂದರೆ ಫೋನು 'ಕೊಯ್ತೇವೆ' ಎಂದು ಬರೆದುಕೊಳ್ಳುತ್ತದೆ ಎಂಬುದನ್ನು ಕೋರ್ಟಿನಲ್ಲೇ ಮಾಡಿ ತೋರಿಸೋಣ ಎಂದು ವಕೀಲರಿಗೆ ಹೇಳಿಕೊಟ್ಟಿದ್ದೆ. ಮನೆಯಲ್ಲಿ ಹೇಳಿದಷ್ಟು ಸಲವೂ ತಪ್ಪೇ ಬರೆದಿತ್ತು. ಒಂದು ಸಲವಂತೂ ಗಾಜು ಹೋಗಿ ರಾಜು ಆಗಿ, 'ರಾಜು ಬೇರೆ ಕಟ್ಟಿಡಿ' ಎಂದು ಬಂದಿತ್ತು. ಚಿಕ್ಕಮ್ಮ ಜಡ್ಜಿನ ಮುಂದೆ ಮೈಕು ಒತ್ತಿ ಅದೇ ಮಾತು ಹೇಳಿದಳು. ಫೋನು ಚಾಚೂ ತಪ್ಪದೆ 'ಕೊಯ್ತಾವೆ' ಎಂದು ಬರೆಯಿತು. ಇನ್ನೊಂದು ಸಲ ಹೇಳಿದಳು. ಮತ್ತೂ ಸರಿಯಾಗಿಯೇ ಬರೆಯಿತು.

"ಕೋರ್ಟ್ ಅಂದ್ರೆ ಅದಕ್ಕೂ ಭಯ ಅಮ್ಮಾ" ಎಂದಳು ಚಿಕ್ಕಮ್ಮ.

ಆ ಕಡೆಯ ವಕೀಲರು ಅಂಗಿಯ ಕಾಲರು ಸರಿಮಾಡಿಕೊಂಡರು. ಉಳಿದದ್ದು ಒಂದೇ ದಾರಿ, ಮೇಷ್ಟ್ರು ಹೇಳಿದ ದಾರಿ. ಪುಕ್ಕಟೆ ಸಾರ್ ಅರ್ಜಿ ಎತ್ತಿ ಹಿಡಿದು ಮೂಲ ಫೋನು ಹಾಜರಾಗಲಿ ಎಂದರು. ಜಡ್ಜು ಕಾರ್ಯದರ್ಶಿಯ ಕಡೆ ನೋಡಿದರು.

"ಫೋನ್ ಎಲ್ಲಿದೆ?"

"ಇಲ್ಲೇ ಇದೆ ಮೇಡಂ, ನೋಡಿಕೊಳ್ಳಿ. ಮುಚ್ಚಿಡೋದು ಏನಿದೆ?" ಎಂದು ಜೇಬಿನಿಂದ ತೆಗೆದು ಕೊಟ್ಟೇಬಿಟ್ಟರು.

ಅಳಿಸಿದ್ದರೆ ನಾವು ಮುಳುಗುತ್ತಿದ್ದೆವು. ಆದರೆ ಅಳಿಸಬೇಕು ಅನ್ನಿಸುವಷ್ಟೂ ಅದು ಅವರಿಗೆ ನೆನಪಿರಲಿಲ್ಲ.

ಜಡ್ಜು ಎರಡೂ ಕಡೆಯ ವಕೀಲರನ್ನು ಹತ್ತಿರ ಕರೆದು, ಎಲ್ಲರೂ ನೋಡುವ ಹಾಗೆ ಪರದೆಯನ್ನು ಬೆರಳಿನಿಂದ ಕೆಳಗೆ ಎಳೆದರು. ಬೆದರಿಕೆಯ ಮೇಲೆ ಏನಿತ್ತೋ ಅದು ಇಳಿದುಬಂತು. ಒಂದು ಅಂಗೈ. ಉದ್ದಕ್ಕೂ ತೆರೆದುಕೊಂಡ ಗಾಯ. ಟವೆಲ್ಲು, ರಕ್ತ. ಪಕ್ಕದಲ್ಲಿ ಕನ್ನಡಿಯ ಚೂರು. ಚೂರಿನೊಳಗೆ ಗೋಡೆಯ ಮೇಲಿನ ಆ ಚೆಂದದ ಚಿತ್ರ ಕಾಣುತ್ತಿತ್ತು ಎಂದು ವಕೀಲರು ಆಮೇಲೆ ಹೇಳಿದರು.

"ನಿಮ್ಮ ಕೈ ತೋರಿಸಿ" ಎಂದರು ಜಡ್ಜು.

ಚಿಕ್ಕಮ್ಮ ಅಂಗೈ ಎತ್ತಿದಳು. ಹೊಲಿಗೆಯ ಗುರುತು ದೂರಕ್ಕೇ ಕಾಣುತ್ತಿತ್ತು. ಕಿರುಬೆರಳು ಈಗಲೂ ಪೂರ್ತಿ ಮಡಿಸುವುದಿಲ್ಲ.

ಪುಕ್ಕಟೆ ಸಾರ್‌ಗೆ ಹುರುಪು ಬಂತು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಮೇಡಂ?"

"ಬೇಕೇ ಬೇಕಾಯ್ತಲ್ಲ ಸಾರ್. ಕನ್ನಡಿ ಇಲ್ದಿದ್ರೆ ಈ ಹುಣ್ಣೇ ಆಗ್ತಿರಲಿಲ್ಲ" ಎಂದಳು ಚಿಕ್ಕಮ್ಮ.

ಜಡ್ಜು ನಗಲಿಲ್ಲ. ಫೋನನ್ನೇ ನೋಡುತ್ತಿದ್ದರು. ಆಮೇಲೆ ಅದನ್ನು ಕಾರ್ಯದರ್ಶಿಯ ಕಡೆ ತಿರುಗಿಸಿದರು.

"ಈ ಫೋಟೋ ಬಂದಾಗ ನೀವು ಉತ್ತರ ಕಳಿಸಿದ್ದೀರಿ. ಏನದು? ಓದಿ."

"ಓದೋದಕ್ಕೆ ಅದರಲ್ಲಿ ಅಕ್ಷರ ಇಲ್ಲ ಮೇಡಂ."

"ಮತ್ತೆ ಏನಿದೆ?"

"ಹೆಬ್ಬೆಟ್ಟು."

ರಕ್ತ ಸುರಿಯುವ ಕೈಗೆ ಅವರು ಎತ್ತಿದ ಹೆಬ್ಬೆಟ್ಟಿನ ಚಿತ್ರ ಕಳಿಸಿದ್ದರು. ಭೇಷ್ ಎನ್ನುವ ಹಾಗೆ.

"ನೋಡಿದೆ ಅಂತ ಅದರ ಅರ್ಥ ಮೇಡಂ. ಎಲ್ಲರೂ ಹಾಕ್ತಾರೆ."

"ನೋಡಿ ಏನು ಮಾಡಿದಿರಿ?"

ಕಾರ್ಯದರ್ಶಿ ಆ ಕಡೆಯ ವಕೀಲರ ಮುಖ ನೋಡಿದರು. ಅಷ್ಟರಲ್ಲಿ ಚಿಕ್ಕಮ್ಮ ಬಾಯಿ ಹಾಕಿದಳು.

"ಅಮ್ಮಾ, ಒಂದು ಮಾತು ಬರ್ಕೊಳ್ಳಿ. ನಾನು ಸಹಿ ಹಾಕೋಳು. ಹೆಬ್ಬೆಟ್ಟು ಒತ್ತಿದ್ದು ಅವರು."

ಈ ಸಲ ಕೋರ್ಟು ನಕ್ಕಾಗ ನಾನೂ ನಕ್ಕೆ. ನಗುತ್ತಾ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಯಾರೋ ಕಳ್ಳತನದ ಆರೋಪಿ ನನಗೆ ತನ್ನ ಕರ್ಚೀಫು ಕೊಟ್ಟ.

ಮುಂದಿನ ವಾಯಿದೆಯಲ್ಲೇ ಕೇಸು ಬಿದ್ದುಹೋಯಿತು. ಕತ್ತರಿಸಿದ ಚಿತ್ರ ಸಾಕ್ಷಿಯಲ್ಲ, ಪೂರ್ತಿ ಸಂಭಾಷಣೆ ನೋಡಿದರೆ ಇದು ಬೆದರಿಕೆಯಲ್ಲ, ಗಾಯಗೊಂಡವಳ ಎಚ್ಚರಿಕೆ ಎಂದು ತೀರ್ಪು ಬಂತು. ಕಸದೊಳಗೆ ಗಾಜು ಕಟ್ಟಿಟ್ಟವರ ಮೇಲೆ ಯಾವ ಕ್ರಮವೂ ಇಲ್ಲ. ಅದನ್ನು ಯಾರೂ ಕೇಳಿರಲಿಲ್ಲವಂತೆ. ನಾನು ಕೇಳುತ್ತೇನೆ, ಕಪ್ಪು ಕೋಟು ಸಿಗಲಿ. ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರು ಉಳಿಯಿತು. ಆ ಪಟ್ಟಿ ಯಾವಾಗ ಖಾಯಂ ಆಗುತ್ತದೋ ಆ ದೇವರಿಗೂ ಗೊತ್ತಿಲ್ಲ.

ಅವಳು ಗಾಡಿಗೆ ವಾಪಸಾದ ದಿನ ನಾನೂ ಜೊತೆಗೆ ಹೋದೆ, ಕಾಲೇಜಿಗೆ ರಜೆ ಇತ್ತು. ಕಟ್ಟಡದ ಗೇಟಿನಲ್ಲಿ ಕಾರ್ಯದರ್ಶಿ ನಿಂತಿದ್ದರು. ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು. ಮುಖಗಳನ್ನೇ ನೋಡಿದರು. ಆಮೇಲೆ ಜೇಬಿನಿಂದ ಫೋನು ತೆಗೆದರು. ಕೋರ್ಟಿನ ಮಾತು ಒಳಗೆ ಎಲ್ಲೋ ಕೊರೆಯುತ್ತಿತ್ತೇನೋ.

"ಅದು... ಹೆಸರು ಬದಲಾಯಿಸೋಣ ಅಂತ. ನಿನ್ನ... ನಿಮ್ಮ ಹೆಸರೇನು?"

ಅವರ ಹೆಬ್ಬೆರಳು ಪರದೆಯ ಮೇಲೆ ಕಾಯುತ್ತಾ ನಿಂತಿತ್ತು. ಚಿಕ್ಕಮ್ಮ ಬಗ್ಗಿ ಚೀಲ ಮುಟ್ಟಿ ನೋಡಿದಳು. ಗಾಜನ್ನು ಬೇರೆ ಕಟ್ಟಿಟ್ಟಿದ್ದರು. ಅದನ್ನು ಗಾಡಿಗೆ ಎತ್ತಿ ಹಾಕಿ, ಕೈ ಒರೆಸಿಕೊಂಡು ಅವರ ಕಡೆ ತಿರುಗಿದಳು.

"ತೀರ್ಪಲ್ಲಿದೆ ಸಾರ್, ಮೊದಲನೇ ಸಾಲಲ್ಲೇ. ಓದೋಕೆ ಬರುತ್ತಲ್ವಾ ನಿಮಗೆ?"